ಮುಚ್ಚಳ ಮುಚ್ಚಿ ಹತ್ತು ನಿಮಿಷ

(ಆಟಿ ತಿಂಗಳಿನ, ಅಂದರೆ ಜುಲೈ-ಆಗಸ್ಟ್ ನಡುವಿನ ಮಳೆಗಾಲದ, ಒಂದು ಸಂಜೆ ಮಡಿಕೇರಿಯಲ್ಲಿ ಮಾಡಿದ ಉಪನ್ಯಾಸ, ಟಿಪ್ಪಣಿ ಮತ್ತು ಧ್ವನಿಮುದ್ರಣದ ನೆರವಿನಿಂದ ಬರಹಕ್ಕಿಳಿಸಿದ್ದು)

ಈ ಸಭೆಯನ್ನು ಏರ್ಪಡಿಸಿದವರು ನನಗೆ ಕೊಟ್ಟ ವಿಷಯ ‘ಆಂತರಿಕ ಶಕ್ತಿ’. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನಾನು ಈ ಪದವನ್ನು ತರಗತಿಯಲ್ಲಿ ಒಮ್ಮೆಯೂ ಬಳಸಿದ ನೆನಪಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ‘ಅವಳು ಗಟ್ಟಿಗಿತ್ತಿ’ ಎನ್ನುತ್ತಿದ್ದರು, ‘ಅವನದು ಗಟ್ಟಿ ಜೀವ’ ಎನ್ನುತ್ತಿದ್ದರು. ಆ ಮಾತು ಬರುತ್ತಿದ್ದ ಸಂದರ್ಭಗಳನ್ನು ನೆನಪಿಸಿಕೊಳ್ಳಿ. ಸಾವಾದ ಮನೆಯಲ್ಲಿ ಮರುದಿನ ಬೆಳಿಗ್ಗೆ ಎದ್ದು ಹಸುವಿಗೆ ಹುಲ್ಲು ಹಾಕಿದವಳನ್ನು, ಮಳೆಗೆ ಗದ್ದೆಯ ಏರಿ ಒಡೆದ ಕೂಡಲೇ ಗುದ್ದಲಿ ಹಿಡಿದು ಇಳಿದವನನ್ನು ನೋಡಿ ಹಾಗೆ ಹೇಳುತ್ತಿದ್ದರು. ಒಬ್ಬರ ಒಳಗೆ ಏನಿದೆ ಎಂಬುದನ್ನು ಅವರ ಕೈ ಏನು ಮಾಡುತ್ತಿದೆ ಎಂಬುದರಿಂದ ಅಳೆಯುತ್ತಿದ್ದ ಜನ ಅವರು. ನಾನು ಇಂದು ಹೇಳಬೇಕೆಂದಿರುವುದೂ ಅದೇ ಜಾಡಿನ ಮಾತು. ಮನಸ್ಸನ್ನು ನೇರವಾಗಿ ಹಿಡಿದು ಗಟ್ಟಿ ಮಾಡಿಕೊಳ್ಳಲು ನನ್ನಿಂದ ಎಂದೂ ಆಗಲಿಲ್ಲ. ಆದರೆ ಕೈಯನ್ನು ಒಂದು ಸಣ್ಣ ಕೆಲಸಕ್ಕೆ ಹಚ್ಚಲು ಆಯಿತು, ಕೈ ಹೋದ ದಾರಿಯಲ್ಲಿ ಮನಸ್ಸು ತಡವಾಗಿಯಾದರೂ ಬಂತು. ನನ್ನ ಪಾಲಿಗೆ ಆ ಸಣ್ಣ ಕೆಲಸ ಒಂದು ಪಾತ್ರೆ ನೀರನ್ನು ಒಲೆಯ ಮೇಲಿಡುವುದಾಗಿತ್ತು.

ನನ್ನ ತವರುಮನೆ ಸಂಪಾಜೆಯ ಕಡೆ. ಅಲ್ಲಿ ಆಟಿ ಅಮಾವಾಸ್ಯೆಯ ದಿನ ಹಾಲೆಮರದ ತೊಗಟೆಯ ಕಷಾಯ ಕುಡಿಯುವುದು ತಲೆತಲಾಂತರದ ಪದ್ಧತಿ. ನಮ್ಮ ಅಪ್ಪ ಬೆಳಕು ಹರಿಯುವ ಮೊದಲೇ ಹೋಗಿ ತೊಗಟೆ ತರುತ್ತಿದ್ದರು. ಕತ್ತಿ ಮುಟ್ಟಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕೆಂಬುದು ಕಟ್ಟುನಿಟ್ಟು. ಓಮ, ಬೆಳ್ಳುಳ್ಳಿ, ಒಳ್ಳೆಮೆಣಸು ಸೇರಿಸಿ ಅರೆದು ಸೋಸಿ, ಬಿಳಿಯ ಬೆಣಚುಕಲ್ಲನ್ನು ಕೆಂಪಗೆ ಕಾಯಿಸಿ ಅದರಲ್ಲಿ ಅದ್ದಿದಾಗ ‘ಚೊಂಯ್’ ಎಂದು ಏಳುತ್ತಿದ್ದ ಹಬೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅತಿ ಕಹಿ. ಮಕ್ಕಳಾದ ನಾವು ಸಾಲಾಗಿ ನಿಂತು ಮೂಗು ಹಿಡಿದು ನುಂಗುತ್ತಿದ್ದೆವು, ಆಮೇಲೆ ಹೊಟ್ಟೆ ತಂಪಾಗಲೆಂದು ಅವ್ವ ಮೆಂತೆ ಗಂಜಿ ಬಡಿಸುತ್ತಿದ್ದರು.

ಇಲ್ಲಿ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಈಗಿನ ಎಳೆಯರು ಹಳೆಯ ಪದ್ಧತಿಗಳನ್ನು ಉತ್ಸಾಹದಿಂದ ಮತ್ತೆ ಹಿಡಿಯುತ್ತಿದ್ದಾರೆ, ಅದು ಸಂತೋಷದ ಸಂಗತಿಯೇ. ಆದರೆ ಅಪ್ಪ ಕತ್ತಲಲ್ಲಿ ಹೋಗುತ್ತಿದ್ದುದು ಹಿಂದಿನ ದಿನ ಹಗಲು ಬೆಳಕಿನಲ್ಲಿ ಮರವನ್ನು ಗುರುತಿಸಿ, ಅದಕ್ಕೆ ಒಂದು ಬಳ್ಳಿ ಸುತ್ತಿ ಬಂದ ಮೇಲೆ. ಕಾಸರಕದ ಮರವೂ ಅದೇ ಕಾಡಿನಲ್ಲಿ ಬೆಳೆಯುತ್ತದೆ, ಅದರಲ್ಲಿರುವ ಸ್ಟ್ರಿಕ್ನೈನ್ ಎಂಬ ವಿಷ ಮನುಷ್ಯನನ್ನು ಕೊಲ್ಲಬಲ್ಲದು. ಮರವನ್ನು ಬಲ್ಲವರು ಜೊತೆಯಲ್ಲಿ ಇಲ್ಲದಿದ್ದರೆ ದಯವಿಟ್ಟು ತೊಗಟೆಗೆ ಕೈ ಹಾಕಬೇಡಿ. ಗಿಡಮೂಲಿಕೆಯ ಮೊದಲ ಪಾಠ ಗುರುತಿಸುವುದು. ಕುದಿಸುವುದು, ಕುಡಿಯುವುದೆಲ್ಲ ಆಮೇಲಿನದು.

ಮದುವೆಯಾಗಿ ಬಂದದ್ದು ಮಾದಾಪುರದ ಆಚೆಯ, ಕೋಟೆಬೆಟ್ಟದ ಬುಡದ ಊರಿಗೆ. ಅಲ್ಲಿ ಆಟಿಯ ಮದ್ದು ಬೇರೆ. ನಮ್ಮವರು ಆಟಿ ಎನ್ನುವ, ಕೊಡವರು ಕಕ್ಕಡ ಎನ್ನುವ ಈ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ನಿಮಗೆಲ್ಲ ಗೊತ್ತಿರುವುದೇ, ಆದರೂ ಬಯಲುಸೀಮೆಯಿಂದ ಬಂದವರು ಕೆಲವರು ಇಲ್ಲಿ ಕುಳಿತಿರುವುದರಿಂದ ಹೇಳುತ್ತೇನೆ. ತಿಂಗಳ ಮೊದಲ ದಿನದಿಂದ ದಿನಕ್ಕೊಂದರಂತೆ ಮದ್ದು ಈ ಗಿಡಕ್ಕೆ ಇಳಿಯುತ್ತದೆ, ಹದಿನೆಂಟನೆಯ ದಿನಕ್ಕೆ ಹದಿನೆಂಟು ಬಗೆಯ ಮದ್ದೂ ಅದರಲ್ಲಿ ತುಂಬಿರುತ್ತದೆ ಎಂಬುದು ನಂಬಿಕೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ಬೇಲಿಯ ಬದಿಯಲ್ಲಿ, ನೆರಳಿನ ತೇವದಲ್ಲಿ ಸದ್ದಿಲ್ಲದೆ ಬೆಳೆದುಕೊಂಡಿರುವ ಈ ಗಿಡವನ್ನು ವರ್ಷದ ಉಳಿದ ದಿನಗಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ದಂಟು ಸಮೇತ ಕುದಿಸಿದರೆ ನೀರು ಕಪ್ಪು ಎನ್ನುವಷ್ಟು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸೋಸಿದ ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಲು, ಏಲಕ್ಕಿ ಹಾಕಿ, ತುಪ್ಪವನ್ನೋ ಜೇನನ್ನೋ ಬಿಟ್ಟುಕೊಂಡು ಉಣ್ಣುತ್ತೇವೆ. ಮರುದಿನ ಮೂತ್ರ ಕೆಂಪಾಗಿ ಹೋಗುತ್ತದೆ. ಬೇರೆ ಊರಿನಿಂದ ನಮ್ಮ ಶಾಲೆಗೆ ಹೊಸದಾಗಿ ಸೇರಿದ ಮಕ್ಕಳು ಅದನ್ನು ಕಂಡು ಹೆದರಿ ಅಳುತ್ತಾ ಬಂದದ್ದಿದೆ, ಅವರನ್ನು ಸಮಾಧಾನ ಮಾಡುವುದು ಪ್ರತಿವರ್ಷ ಆಗಸ್ಟ್ 4ರ ನನ್ನ ಕೆಲಸವಾಗಿತ್ತು.

ನನ್ನ ಅತ್ತೆ ಮದ್ದುಸೊಪ್ಪನ್ನು ಹದಿನೆಂಟರ ಮೊದಲು ಮುಟ್ಟಲು ಬಿಡುತ್ತಿರಲಿಲ್ಲ. ಹೊಸತಾಗಿ ಮನೆಗೆ ಬಂದಿದ್ದ ನಾನು ಒಮ್ಮೆ ಆಟಿಯ ಹತ್ತನೆಯ ದಿನವೇ ಕೊಯ್ಯಲು ಹೊರಟಾಗ, ‘ಮಗಾ, ಗಿಡ ಅಲ್ಲೇ ಇರ್ತದೆ, ನೀನೂ ಇಲ್ಲೇ ಇರ್ತೀಯ. ಅವಸರ ಯಾರಿಗೆ?’ ಎಂದಿದ್ದರು. ಅಂದು ಅದು ಗದರಿಕೆಯಂತೆ ಕೇಳಿಸಿತ್ತು. ಕಾಯುವುದು ಕೂಡ ಮದ್ದಿನ ಒಂದು ಪಾಲು ಎಂದು ಅವರು ತಿಳಿದಿದ್ದರು ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಈಗ ಕಷಾಯದ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ‘ಹರ್ಬಲ್ ಟೀ’ ಎಂದು ಮಾರುವ ಪೊಟ್ಟಣದಲ್ಲಿ ಸಾಮಾನ್ಯವಾಗಿ ಚಹಾದ ಎಲೆಯೇ ಇರುವುದಿಲ್ಲ. ಎಲೆ, ಹೂ, ಬೇರು, ಬೀಜಗಳನ್ನು ಬಿಸಿನೀರಿಗೆ ಹಾಕಿ ಮಾಡುವ, ನಮ್ಮ ಅಡುಗೆಮನೆಯಲ್ಲಿ ಎಂದಿನಿಂದಲೂ ಇರುವ ಕಷಾಯವೇ ಅದು. ಆಯುರ್ವೇದ ಇವುಗಳಲ್ಲಿ ಭೇದ ಮಾಡುತ್ತದೆ: ನೀರಿನಲ್ಲಿ ಕುದಿಸಿ ಬತ್ತಿಸಿದರೆ ಕ್ವಾಥ, ಬಿಸಿನೀರಿಗೆ ಹಾಕಿ ಇಳಿಬಿಟ್ಟರೆ ಫಾಂಟ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಹಿಮ. ಅತ್ತೆಗೆ ಈ ಹೆಸರುಗಳು ತಿಳಿದಿರಲಿಲ್ಲ, ಆದರೆ ಭೇದ ಚೆನ್ನಾಗಿ ತಿಳಿದಿತ್ತು. ಬೇರು, ತೊಗಟೆ, ಕೊತ್ತಂಬರಿ ಬೀಜದಂಥ ಗಟ್ಟಿ ಪದಾರ್ಥಗಳನ್ನು ಕುದಿಸುತ್ತಿದ್ದರು. ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲುಗಳನ್ನು ಎಂದೂ ಕುದಿಸುತ್ತಿರಲಿಲ್ಲ. ನೀರು ಮರಳಿದ ಮೇಲೆ ಒಲೆಯಿಂದ ಇಳಿಸಿ, ಎಲೆಯನ್ನು ಕೈಯಲ್ಲೇ ಹರಿದು ಹಾಕಿ, ತಕ್ಷಣ ಮುಚ್ಚಳ ಮುಚ್ಚಿ, ಹತ್ತು ನಿಮಿಷ ಯಾರೂ ತೆರೆಯಕೂಡದು ಎನ್ನುತ್ತಿದ್ದರು. ಅದಕ್ಕೆ ಕಾರಣ ಸರಳವಾದದ್ದು. ಮಜ್ಜಿಗೆಹುಲ್ಲಿನ ನಿಂಬೆಯ ಪರಿಮಳಕ್ಕೆ ಸಿಟ್ರಾಲ್, ತುಳಸಿಯ ಘಾಟಿಗೆ ಯೂಜಿನಾಲ್ ಎಂಬ ಎಣ್ಣೆಯಂಶಗಳು ಕಾರಣ. ಇವು ಹಬೆಯ ಜೊತೆ ಹಾರಿಹೋಗುವಂಥವು. ಅಡುಗೆಮನೆಯೆಲ್ಲ ಘಮಘಮ ಎನ್ನುತ್ತಿದ್ದರೆ ಲೋಟದಲ್ಲಿ ಉಳಿಯಬೇಕಾದದ್ದು ಗಾಳಿಗೆ ಹೋಗಿದೆ ಎಂದೇ ಅರ್ಥ. ಮುಚ್ಚಳದ ಒಳಮೈಯಲ್ಲಿ ನಿಂತ ಹನಿಗಳನ್ನು ಅತ್ತೆ ಚೆಲ್ಲದೆ ಮತ್ತೆ ಪಾತ್ರೆಗೇ ಬೀಳಿಸುತ್ತಿದ್ದರು. ಹಾಗೆಯೇ ಹಸಿಶುಂಠಿಗಿಂತ ಒಣಶುಂಠಿಯ ಖಾರ ಹೆಚ್ಚು, ಅದನ್ನು ಅರ್ಧದಷ್ಟೇ ಹಾಕಬೇಕು ಎನ್ನುತ್ತಿದ್ದರು. ಶುಂಠಿ ಒಣಗುವಾಗ ಅದರಲ್ಲಿನ ಜಿಂಜರಾಲ್ ಎಂಬ ಅಂಶ ಶೋಗಾಲ್ ಎಂಬ ಇನ್ನೂ ಖಾರವಾದ ಅಂಶವಾಗಿ ಮಾರ್ಪಡುತ್ತದೆ ಎಂದು ನಾನು ಓದಿ ತಿಳಿದದ್ದು ನಿವೃತ್ತಳಾದ ಮೇಲೆ.

ಆ ಹತ್ತು ನಿಮಿಷದ ಬಗ್ಗೆ ಇನ್ನೊಂದು ಮಾತು. ಮನೆಯವರು ತೀರಿಕೊಂಡ ವರ್ಷ ನನಗೆ ನಲವತ್ತನಾಲ್ಕು, ಮಗ ಹೈಸ್ಕೂಲಿನಲ್ಲಿದ್ದ. ಬಂದವರೆಲ್ಲ ಧೈರ್ಯ ತಂದುಕೋ ಎಂದರು, ಎಲ್ಲಿಂದ ತರಬೇಕೆಂದು ನನಗೆ ಹೊಳೆಯಲಿಲ್ಲ. ಮಗನನ್ನು ಕಳೆದುಕೊಂಡ ಅತ್ತೆ ಮಾತ್ರ ಏನನ್ನೂ ಹೇಳಲಿಲ್ಲ. ರಾತ್ರಿ ಹತ್ತಕ್ಕೆ ಒಲೆಯ ಮುಂದೆ ಕರೆದು ಕೂರಿಸಿ, ನೀರಿಟ್ಟು, ಎಲೆ ಹಾಕಿ, ಮುಚ್ಚಳ ಮುಚ್ಚುತ್ತಿದ್ದರು. ನಾವಿಬ್ಬರೂ ಆ ಮುಚ್ಚಳವನ್ನು ನೋಡುತ್ತಾ ಕುಳಿತಿರುತ್ತಿದ್ದೆವು. ಕುಡಿದು ಲೋಟ ತೊಳೆದಿಟ್ಟು ಮಲಗುತ್ತಿದ್ದೆವು. ಹೀಗೆ ಒಂದು ವರ್ಷ ನಡೆಯಿತು.

ಇನ್ನು 2018. ಈ ಸಭಾಂಗಣದಲ್ಲಿ ಆ ವರ್ಷವನ್ನು ವಿವರಿಸಿ ಹೇಳುವ ಅಗತ್ಯವಿಲ್ಲ, ಹೇಳುವುದು ಸುಲಭವೂ ಅಲ್ಲ. ಮದ್ದುಪಾಯಸ ಉಂಡು ಎರಡು ವಾರವೂ ಆಗಿರಲಿಲ್ಲ. ಜೂನ್‌ನಿಂದಲೇ ನೆನೆದು ನೀರು ಕುಡಿದಿದ್ದ ಬೆಟ್ಟಗಳು ಆಗಸ್ಟ್ 16, 17ರ ಮಳೆಯನ್ನು ತಾಳಲಾರದೆ ಕುಸಿದವು. ಮುಕ್ಕೋಡ್ಲು, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ, ಹೀಗೆ ಒಂದೊಂದೇ ಊರಿನ ಹೆಸರು ಫೋನಿನಲ್ಲಿ ಬರುತ್ತಾ ಹೋಯಿತು, ಆಮೇಲೆ ಫೋನೂ ನಿಂತಿತು. ನಮ್ಮ ಮನೆಯ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಮಧ್ಯಾಹ್ನದ ಹೊತ್ತಿಗೆ ಸದ್ದು ಮಾಡತೊಡಗಿತು. ಹೊಟ್ಟೆಯೊಳಗಿನ ಸದ್ದಿನಂತೆ, ಆಳದಿಂದ. ಅಕ್ಕಪಕ್ಕದವರೊಂದಿಗೆ ಉಟ್ಟ ಬಟ್ಟೆಯಲ್ಲಿ ಮೇಲಿನ ರಸ್ತೆಗೆ ಹತ್ತಿದೆವು. ತೋಟದ ಒಂದು ಭಾಗ, ಹಿತ್ತಲು, ಅಡುಗೆಮನೆ, ಅತ್ತೆ ನೆಟ್ಟ ಮದ್ದುಸೊಪ್ಪಿನ ಸಾಲು, ಎಲ್ಲವೂ ಕೆಸರಾಗಿ ತೋಡಿಗೆ ಇಳಿಯಿತು. ಅತ್ತೆ ಅದಕ್ಕೆ ಎರಡು ವರ್ಷ ಮೊದಲೇ ಹೋಗಿದ್ದರು. ಅವರು ಅದನ್ನು ನೋಡಲಿಲ್ಲ ಎಂಬುದು ಇಂದಿಗೂ ನನಗೆ ಒಂದು ನೆಮ್ಮದಿ.

ಪರಿಹಾರ ಕೇಂದ್ರದಲ್ಲಿ ನಾನು ಮೂರು ದಿನ ಮಾತಾಡಲಿಲ್ಲ. ಅಳಲೂ ಇಲ್ಲ. ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದೆ; ನನ್ನ ಹಳೆಯ ವಿದ್ಯಾರ್ಥಿಗಳೇ ಎಷ್ಟೋ ಜನ ಅಲ್ಲಿ ಓಡಾಡುತ್ತಿದ್ದರೂ ಅವರ ಮುಖ ಗುರುತು ಹತ್ತುತ್ತಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಡುಗೆಯ ಉಸ್ತುವಾರಿ ನೋಡುತ್ತಿದ್ದ ಹೆಂಗಸೊಬ್ಬರು ಬಂದು, ನನ್ನ ಮುಂದೆ ಒಂದು ಕಲ್ಲು, ಒಂದು ಗುಂಡುಕಲ್ಲು, ತೊಳೆದ ಶುಂಠಿಯ ಚೀಲ ಇಟ್ಟು, ‘ಟೀಚರ್, ಮಕ್ಕಳಿಗೆಲ್ಲ ಕೆಮ್ಮು ಹತ್ತಿದೆ. ಇಷ್ಟನ್ನು ಜಜ್ಜಿ ಕೊಡ್ತೀರಾ?’ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಹೋದರು. ಒಂದು ಕಿಲೋ ಶುಂಠಿ ಇದ್ದಿರಬೇಕು. ಮೊದಲ ತುಂಡನ್ನು ಎತ್ತಿಕೊಳ್ಳಲು ಎಷ್ಟು ಹೊತ್ತಾಯಿತೋ ತಿಳಿಯದು. ಎರಡನೆಯದು, ಮೂರನೆಯದು ಆಗುವಾಗ ಘಾಟು ಕಣ್ಣಿಗೆ ಹತ್ತಿತು, ನೀರು ಬಂತು, ಬಂದ ನೀರು ನಿಲ್ಲಲಿಲ್ಲ. ಶುಂಠಿ ಜಜ್ಜುವವಳ ಕಣ್ಣಲ್ಲಿ ನೀರು ಬಂದರೆ ಯಾರೂ ಏಕೆಂದು ಕೇಳುವುದಿಲ್ಲ. ಇಡೀ ಕಿಲೋ ಮುಗಿಯುವವರೆಗೆ ನಾನು ಅಳುತ್ತಲೇ ಜಜ್ಜಿದೆ. ಆಮೇಲೆ ದೊಡ್ಡ ಹಂಡೆಯಲ್ಲಿ ಬೆಲ್ಲ, ಒಳ್ಳೆಮೆಣಸು ಹಾಕಿ ಕುದಿಸಿದ ಕಷಾಯವನ್ನು ಸಾಲಿನಲ್ಲಿ ನಿಂತ ಮಕ್ಕಳಿಗೆ ಹಂಚುವಾಗ ಒಬ್ಬ ಹುಡುಗ, ‘ಖಾರ ಟೀಚರ್’ ಎಂದ. ‘ಊದಿ ಕುಡಿ’ ಎಂದೆ. ಮೂರು ದಿನದಲ್ಲಿ ಅದು ನನ್ನ ಬಾಯಿಂದ ಬಂದ ಮೊದಲ ಮಾತು.

ಆ ಹೆಂಗಸು ಬೇಕೆಂದೇ ಹಾಗೆ ಮಾಡಿದರೇ, ಅಥವಾ ನಿಜಕ್ಕೂ ಅವರಿಗೆ ಕೈ ಸಾಲದೆ ಹೋಗಿತ್ತೇ ಎಂದು ನಾನು ಕೇಳಲಿಲ್ಲ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಹಾಗೆ ಗೋಡೆಗೆ ಒರಗಿ ಕುಳಿತುಬಿಟ್ಟಿದ್ದರೆ, ಅವರ ಕೈಗೆ ಒಂದು ಕೆಲಸ ಕೊಟ್ಟು ನೋಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಕೆಲಸ ಸಣ್ಣದಿರಲಿ, ಆದರೆ ನಿಜವಾಗಿ ಬೇಕಾದದ್ದಿರಲಿ. ಸುಮ್ಮನೆ ಕೊಟ್ಟ ಕೆಲಸ ಯಾವುದು, ತನ್ನಿಂದ ಆಗಬೇಕಾದ ಕೆಲಸ ಯಾವುದು ಎಂಬುದು ನೊಂದವರಿಗೆ ಕೂಡಲೇ ತಿಳಿಯುತ್ತದೆ.

ಅಲ್ಲಿಂದ ಹೊರಟ ಮೇಲೆ ಎರಡು ವರ್ಷ ಕುಶಾಲನಗರದಲ್ಲಿ ಮಗನ ಜೊತೆ ಬಾಡಿಗೆ ಮನೆಯಲ್ಲಿದ್ದೆ. ಊರು ಒಳ್ಳೆಯದು, ಜನ ಒಳ್ಳೆಯವರು. ಆದರೆ ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಆ ಗೋಡೆ ನನ್ನನ್ನು ಎಷ್ಟು ಕಾಡಿತೆಂದು ಹೇಳಲು ನನಗೆ ಸಂಕೋಚವಿತ್ತು. ಎಷ್ಟೋ ಜನರಿಗೆ ತಲೆಯ ಮೇಲೆ ಸೂರೇ ಇಲ್ಲದಿರುವಾಗ ಕಿಟಕಿಯ ಬಗ್ಗೆ ದೂರುವುದೇ ಎನಿಸುತ್ತಿತ್ತು. ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ್ದು ಅದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯ ದಾಖಲೆಗಳನ್ನು ಅವರು ಜೋಡಿ ಜೋಡಿಯಾಗಿ ಹೋಲಿಸಿದರು. ಅರ್ಧದಷ್ಟು ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆಯ ಗೋಡೆ. ಮರ ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ಅವರಿಗೆ ತೀವ್ರವಾದ ನೋವುನಿವಾರಕಗಳೂ ಕಡಿಮೆ ಸಾಕಾದವು. ಸಣ್ಣ ಅಧ್ಯಯನ ನಿಜ. ಆದರೂ ನನ್ನ ಕಿಟಕಿಯ ದುಃಖ ಬರಿಯ ಹಟವಲ್ಲ ಎಂದು ಅದು ನನಗೆ ಹೇಳಿತು. ಕಿಟಕಿಯ ಅಂಚಿನಲ್ಲಿ ಡಬ್ಬಿಗಳಲ್ಲಿ ಮಜ್ಜಿಗೆಹುಲ್ಲು, ದೊಡ್ಡಪತ್ರೆ, ತುಳಸಿ ನೆಟ್ಟದ್ದು ಆಗಲೇ.

ಆ ದಿನಗಳಲ್ಲಿ ನಿದ್ದೆ ನನ್ನನ್ನು ಬಿಟ್ಟು ಹೋಗಿತ್ತು. ತಗಡಿನ ಮೇಲೆ ನಾಲ್ಕು ಹನಿ ಬಿದ್ದರೂ ಎದ್ದು ಕೂರುತ್ತಿದ್ದೆ. ಎದ್ದವಳು ಕಾಫಿ ಮಾಡಿಕೊಳ್ಳುತ್ತಿದ್ದೆ, ಏಕೆಂದರೆ ಕಾಫಿ ಬೆಳೆಯುವ ಮನೆಯವರಿಗೆ ಸಂಕಟಕ್ಕೂ ಸಂತೋಷಕ್ಕೂ ಕೈ ಹೋಗುವುದು ಅದೇ ಡಬ್ಬಿಗೆ. ನನ್ನನ್ನು ನೋಡಿದ ವೈದ್ಯರು ಒಂದು ಲೆಕ್ಕ ಹೇಳಿದರು: ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು, ರಾತ್ರಿ ಎರಡಕ್ಕೆ ಕುಡಿದರೆ ಬೆಳಗಿನ ಏಳಕ್ಕೂ ಅದರ ಅರ್ಧ ನಿಮ್ಮೊಳಗೇ ಇರುತ್ತದೆ. ಅವರೇ ನನ್ನನ್ನು ಮನೋವೈದ್ಯರ ಬಳಿ ಕಳುಹಿಸಿದರು. ಮಾತ್ರೆ ತೆಗೆದುಕೊಂಡೆ, ಆರು ತಿಂಗಳು ಅವರೊಂದಿಗೆ ಕುಳಿತು ಮಾತಾಡಿದೆ. ಇದನ್ನು ಈ ವೇದಿಕೆಯಿಂದ ಗಟ್ಟಿಯಾಗಿಯೇ ಹೇಳುತ್ತೇನೆ, ಏಕೆಂದರೆ ಕಷಾಯದ ಬಗ್ಗೆ ಮಾತಾಡುವವರು ಬಹಳ ಸಲ ಈ ಭಾಗವನ್ನು ಬಿಟ್ಟುಬಿಡುತ್ತಾರೆ. ನಿಮಗಾಗಲಿ ನಿಮ್ಮವರಿಗಾಗಲಿ ಬದುಕು ಬೇಡವೆನಿಸುವಷ್ಟು ಭಾರವಾದರೆ 14416 ಎಂಬ ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮನಸ್ ಸೇವೆ ಅದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಹಾಗಾದರೆ ಕಷಾಯ ಏನು ಮಾಡಿತು? ರಾತ್ರಿಯ ಕಾಫಿಯ ಜಾಗಕ್ಕೆ ಬಂತು, ಇದೊಂದು ದೊಡ್ಡ ಉಪಕಾರ. ಹುರಿದ ಕೊತ್ತಂಬರಿ ಬೀಜ ಎರಡು ಪಾಲು, ಜೀರಿಗೆ ಒಂದು ಪಾಲು, ತರಿಯಾಗಿ ಪುಡಿ ಮಾಡಿಟ್ಟುಕೊಂಡು ಒಂದು ಚಮಚಕ್ಕೆ ಎರಡು ಲೋಟ ನೀರು, ಒಂದು ಲೋಟಕ್ಕೆ ಇಳಿಸಿ ಬೆಲ್ಲ ಹಾಕಿ ಕುಡಿಯುತ್ತಿದ್ದೆ. ಎದ್ದ ರಾತ್ರಿಗಳಲ್ಲಿ ಅದನ್ನು ಮಾಡುವ ಕೆಲಸವೇ ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು. ನೀರಿನ ಸದ್ದು ಬದಲಾಗುವುದನ್ನು ಕೇಳಬೇಕು, ಉರಿ ತಗ್ಗಿಸಬೇಕು, ಸೋಸಬೇಕು. ಇಷ್ಟು ಮಾಡುವಾಗ ಹೊರಗಿನ ಮಳೆಯ ಸದ್ದು ಒಂದಿಷ್ಟು ಹಿಂದೆ ಸರಿಯುತ್ತಿತ್ತು. ಅದರಾಚೆಗೆ ನಾನು ಹೆಚ್ಚಿನದನ್ನು ಹೇಳುವುದಿಲ್ಲ. ಗಿಡಗಳಲ್ಲಿ ಗುಣವಿದೆ ಎಂಬುದಕ್ಕೆ ಪುರಾವೆಗಳೂ ಇವೆ: ಅರಿಶಿನದ ಜೊತೆ ಒಳ್ಳೆಮೆಣಸು ಸೇರಿದರೆ ಅರಿಶಿನದ ಕರ್ಕ್ಯುಮಿನ್ ಅಂಶ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ನಮ್ಮ ಅಜ್ಜಿಯರು ಅವೆರಡನ್ನೂ ಒಟ್ಟಿಗೇ ಹಾಕುತ್ತಿದ್ದರು. ಆದರೆ ಗುಣ ಮಾಡುವಂಥದ್ದು ಅತಿಯಾದರೆ ಕೆಡುಕನ್ನೂ ಮಾಡುತ್ತದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಜನ ಅಳತೆಯಿಲ್ಲದೆ ಕುಡಿದರು. ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಹೊಸ ಮೂಲಿಕೆಯೊಂದನ್ನು ದಿನವೂ ಕುಡಿಯುವ ಮುನ್ನ ತಮ್ಮ ವೈದ್ಯರಿಗೆ ಹೇಳಬೇಕು. ನಾನು ಅಮೃತಬಳ್ಳಿಯನ್ನು ಬಿಟ್ಟಿದ್ದೇನೆ.

ಮೂರನೆಯ ವರ್ಷ ನಮ್ಮ ಊರಿನಲ್ಲೇ, ಬರೆಯಿಂದ ದೂರದ ಸಮತಟ್ಟಾದ ಜಾಗದಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡು ಹಿಂದಿರುಗಿದೆ. ಮಗ ಬೇಡವೆಂದ, ನಾನು ಹಟ ಹಿಡಿದೆ. ಹಿಂದಿರುಗಿದ ಮೊದಲ ಮಳೆಗಾಲದಲ್ಲಿ ಹಟ ಹಿಡಿದದ್ದು ತಪ್ಪಾಯಿತೇನೋ ಎನಿಸುವಷ್ಟು ಭಯ ಕಾಡಿತು. ಆಗ ನೆರವಿಗೆ ಬಂದದ್ದು ನನ್ನ ಮಾವನವರ ಒಂದು ಅಭ್ಯಾಸ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ಪುಸ್ತಕವಿರುತ್ತದೆ, ನಿಮ್ಮಲ್ಲಿ ಬಹಳ ಮಂದಿಯ ಮನೆಯಲ್ಲಿ ಇದ್ದೀತು. ಮಾವ ದಿನವೂ ಬೆಳಿಗ್ಗೆ ಎಂಟಕ್ಕೆ ಅಂಗಳದ ಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಹೊಯ್ದು, ಇಷ್ಟು ಇಂಚು, ಇಷ್ಟು ಸೆಂಟ್ಸ್ (ಇಂಚಿನ ನೂರರಲ್ಲೊಂದು ಪಾಲು) ಎಂದು ಬರೆಯುತ್ತಿದ್ದರು. ಆ ಪುಸ್ತಕಗಳೆಲ್ಲ ಮಣ್ಣು ಪಾಲಾದವು. ನಾನು ಹೊಸ ಮಳೆಮಾಪಕ ತಂದು ಅಂಗಳದಲ್ಲಿ ನೆಟ್ಟೆ. ರಾತ್ರಿ ಮಳೆ ಅಬ್ಬರಿಸಿದಾಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ಈಗ ಏನೂ ತಿಳಿಯದು, ಎಂಟು ಗಂಟೆಗೆ ನೋಡೋಣ. ಬೆಳಿಗ್ಗೆ ನೋಡಿದರೆ, ಬೆಟ್ಟವೇ ಬಂದೀತೆಂದು ನಾನು ನಡುಗಿದ್ದ ರಾತ್ರಿಯ ಮಳೆ ಎಷ್ಟೋ ಸಲ ಅರ್ಧ ಇಂಚೂ ಇರುತ್ತಿರಲಿಲ್ಲ. ಬರೆದಿಡುತ್ತಿದ್ದೆ. ಎರಡು ತಿಂಗಳು ಬರೆದ ಮೇಲೆ ಪುಟ ತಿರುವಿ ನೋಡಿದಾಗ, ಕಿವಿ ಕೇಳಿದ ಮಳೆಗೂ ಡಬ್ಬಿ ಅಳೆದ ಮಳೆಗೂ ಇರುವ ಅಂತರ ಕಣ್ಣಿಗೆ ಕಂಡಿತು. ಭಯ ಹೋಯಿತೆಂದು ಹೇಳಲಾರೆ. ಭಯಕ್ಕೆ ಒಂದು ಅಳತೆ ಸಿಕ್ಕಿತು. ಒಂದೇ ದಿನ ಐದು, ಆರು ಇಂಚು ಸುರಿದಾಗ ಯಾರಿಗೂ ಕಾಯದೆ ಬಟ್ಟೆಯ ಚೀಲ ಹಿಡಿದು ತಂಗಿಯ ಮನೆಗೆ ಹೋಗುತ್ತೇನೆ. ಹೆದರಬೇಕಾದ ದಿನ ಹೆದರುವುದೂ ಗಟ್ಟಿತನವೇ.

ಪ್ರಕೃತಿಯಿಂದ ಶಕ್ತಿ ಪಡೆಯಿರಿ ಎಂದು ಹೇಳುವವರ ಬಗ್ಗೆ ನನಗೆ ಗೌರವವಿದೆ, ಆದರೆ 2018ನ್ನು ಕಂಡ ಮೇಲೆ ಆ ಮಾತನ್ನು ನಾನು ಎಚ್ಚರದಿಂದ ಆಡುತ್ತೇನೆ. ಬೆಟ್ಟ ನಮ್ಮ ತಾಯಿ ಎಂದರೆ ತಾಯಿ ಹೀಗೇಕೆ ಮಾಡಿದಳು ಎಂದು ಅಳಬೇಕಾಗುತ್ತದೆ, ವೈರಿ ಎಂದರೆ ಅದರ ಮಡಿಲಲ್ಲಿ ಬಾಳುವುದೇ ಆಗದು. ಬೆಟ್ಟಕ್ಕೆ ಅದರದೇ ನಿಯಮವಿದೆ: ಒಳಗೆ ಇಳಿದ ನೀರು ಹೊರಗೆ ಹೋಗಲು ದಾರಿ ಬೇಕು. ಇಳಿಜಾರನ್ನು ಕಡಿದು, ಬುಡವನ್ನು ಸವರಿ ರಸ್ತೆಯನ್ನೂ ಮನೆಯನ್ನೂ ಮಾಡಿದ್ದು ಕುಸಿತಕ್ಕೆ ಒಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ನಮ್ಮ ಹಿತ್ತಲನ್ನು ಅಗಲ ಮಾಡಲೆಂದು ಬರೆಯನ್ನು ಆರು ಅಡಿ ಕಡಿಸಿದ್ದು ನಾವೇ, ನನಗೆ ಚೆನ್ನಾಗಿ ನೆನಪಿದೆ. ಈ ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿಂದ ಒಣಗಿದ ಕಡ್ಡಿಯನ್ನೂ ತರಬಾರದು ಎಂದು ನಮ್ಮ ಹಿರಿಯರು ಹೇಳಿದ್ದರಲ್ಲಿ ದೇವರ ಭಯದ ಜೊತೆಗೆ ನೀರಿನ ದಾರಿಯ ತಿಳಿವಳಿಕೆಯೂ ಇತ್ತೆಂದು ಈಗ ನನಗೆ ಅನಿಸುತ್ತದೆ.

ಕುಸಿದ ಜಾಗವನ್ನು ನೋಡಲು ನಾನು ಬಹಳ ದಿನ ಹೋಗಲಿಲ್ಲ. ಹೋದಾಗ ಕೆಂಪು ಗಾಯದ ಅಂಚಿನಲ್ಲಿ ಜರೀಗಿಡ, ಕಮ್ಯುನಿಸ್ಟ್ ಗಿಡ ಎನ್ನುವ ಕಳೆ, ಅವುಗಳ ನಡುವೆ ಆಳೆತ್ತರದ ಉಪ್ಪಳಿಗೆ ಸಸಿಗಳು ನಿಂತಿದ್ದವು. ತೆರೆದ ಮಣ್ಣಿಗೆ ಮೊದಲು ಬರುವ ಮರಗಳಲ್ಲಿ ಅದೊಂದು. ಅದರ ಬಟ್ಟಲಿನಂಥ ಎಲೆಯಲ್ಲಿ ಸಂಪಾಜೆಯ ಅವ್ವ ಕಡುಬು ಬೇಯಿಸುತ್ತಿದ್ದರು. ಯಾರೂ ನೆಟ್ಟದ್ದಲ್ಲ. ಮೊದಲಿನ ಅತ್ತಿಯೂ ನಂದಿಯೂ ಹಲಸೂ ಅಲ್ಲಿ ನನ್ನ ಕಾಲದಲ್ಲಿ ಮತ್ತೆ ಬರುವುದಿಲ್ಲ. ಐದು ಎಲೆ ಕೊಯ್ದುಕೊಂಡು ಬಂದು ಆ ರಾತ್ರಿ ಕಡುಬು ಮಾಡಿದೆ.

ಮದ್ದುಸೊಪ್ಪಿನ ವಿಷಯ ಹೇಳಿ ನಿಲ್ಲಿಸುತ್ತೇನೆ. 2019ರ ಆಟಿಯಲ್ಲಿ ಕುಶಾಲನಗರಕ್ಕೆ ನಮ್ಮ ಹಳೆಯ ನೆರೆಮನೆಯವರು ಒಂದು ಕಟ್ಟು ಸೊಪ್ಪು ಕಳುಹಿಸಿದ್ದರು. ಅದನ್ನು ನೋಡಿದ ಕೂಡಲೇ ನೆನಪಾಯಿತು: ನಾನು ಮದುವೆಯಾಗಿ ಬಂದ ಮರುವರ್ಷ ಅತ್ತೆ ಇದೇ ಗಿಡದ ದಂಟನ್ನು ಇದೇ ಮನೆಗೆ ಕೊಟ್ಟಿದ್ದರು. ನಮ್ಮ ಹಿತ್ತಲಿನದು ಕೊಚ್ಚಿಹೋದರೂ ಅದರ ವಂಶ ಅವರ ಬೇಲಿಯಲ್ಲಿ ಇತ್ತು. ಪಾಯಸಕ್ಕೆ ಮೊದಲು ನಾಲ್ಕು ದಂಟನ್ನು ತೆಗೆದಿಟ್ಟು ಡಬ್ಬಿಯಲ್ಲಿ ನೆಟ್ಟೆ, ಮೂರು ಚಿಗುರಿದವು. ಹೊಸ ಮನೆಗೆ ಬರುವಾಗ ಅವು ನನ್ನ ತೊಡೆಯ ಮೇಲೆಯೇ ಬಂದವು. ಈಗ ಬೇಲಿಯ ಉದ್ದಕ್ಕೂ ಇದೆ.

ಬಾಗಿಲ ಬಳಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ದಂಟುಗಳಿವೆ, ಬೇಕಾದವರು ಎರಡೆರಡು ತೆಗೆದುಕೊಂಡು ಹೋಗಬಹುದು. ಗೇಣುದ್ದ ಕತ್ತರಿಸಿ, ಕೆಳಗಿನ ಎಲೆಗಳನ್ನು ಚಿವುಟಿ, ಎರಡು ಗಂಟುಗಳಾದರೂ ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ನೆಡಿ. ಬಿಸಿಲು ನೇರವಾಗಿ ಬೀಳದ ಜಾಗವಿರಲಿ, ಬುಡದಲ್ಲಿ ನೀರು ನಿಲ್ಲದಿರಲಿ. ಮೊದಲ ಹದಿನೈದು ದಿನ ಎಲೆ ಬಾಡಿ ತಲೆ ಜೋತುಬಿದ್ದು ಸತ್ತೇಹೋಯಿತು ಎನಿಸುತ್ತದೆ. ಕೀಳಬೇಡಿ. ಮುಂದಿನ ಆಟಿಯವರೆಗೆ ಕೊಯ್ಯಲೂ ಬೇಡಿ.